ಪುಣ್ಯಕ್ಕೆ ಯಾವ ವಾಹನ? ಶ್ರೀಲಂಕಾದ ಯಾತ್ರೆಯ ದಾರಿಗಳು

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಮೂರನೇ ಒಂದು ಪಾಲು. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 430 ಕಿಲೋಮೀಟರ್ ಆಸುಪಾಸು. ಇಷ್ಟು ಚಿಕ್ಕ ದ್ವೀಪದೊಳಗೆ ಅನುರಾಧಪುರದ ಮಹಾಬೋಧಿ ವೃಕ್ಷ, ಕ್ಯಾಂಡಿಯ ದಂತ ದೇಗುಲ, ಶ್ರೀಪಾದ ಶಿಖರ, ಕತರಗಾಮದ ಸ್ಕಂದ ಸನ್ನಿಧಿ, ತ್ರಿಕೋಣಮಲೆಯ ಕೋಣೇಶ್ವರ, ನೈನಾತೀವಿನ ನಾಗಪೂಷಣಿ ಅಮ್ಮನ್, ಮನ್ನಾರ್ ಜಿಲ್ಲೆಯ ಮಡು ಮಾತೆಯ ಚರ್ಚು ಎಲ್ಲವೂ ಸೇರಿಕೊಂಡಿವೆ. ಹೊರದೇಶದಿಂದ ಬರುವವರಿಗೆ ಇಲ್ಲಿ ವಿಮಾನ, ಹಡಗು, ರೈಲು, ಬಸ್ಸು, ತ್ರೀ ವೀಲರ್, ಬಾಡಿಗೆ ವ್ಯಾನು ಎಲ್ಲವೂ ಸಿಗುತ್ತವೆ. ಇವುಗಳಲ್ಲಿ ಯಾವುದು ಅಗ್ಗ, ಯಾವುದು ವೇಗ ಎಂಬ ಲೆಕ್ಕ ಸುಲಭದ್ದು. ಅದರ ಹಿಂದೆ ಹಳೆಯ ಪ್ರಶ್ನೆಯೊಂದಿದೆ: ಪುಣ್ಯಸ್ಥಳಕ್ಕೆ ಹೋದ ರೀತಿಗೂ ಹೋಗಿದ್ದರ ಫಲಕ್ಕೂ ಸಂಬಂಧವಿದೆಯೆ? ವಾರಗಟ್ಟಲೆ ನಡೆದು ಬಂದವರ ದರ್ಶನ ಮತ್ತು ಹವಾನಿಯಂತ್ರಿತ ವ್ಯಾನಿನಿಂದ ಇಳಿದವರ ದರ್ಶನ ಎರಡೂ ಒಂದೇ ತೂಕದವೆ?

ಶಾಸ್ತ್ರಗಳು ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಸಿರಿವಂತಿಕೆಯ ಸೊಕ್ಕಿನಿಂದಲೋ ಮೋಹದಿಂದಲೋ ವಾಹನವೇರಿ ಪ್ರಯಾಗಕ್ಕೆ ಹೋದವರ ಯಾತ್ರೆ ನಿಷ್ಫಲವೆಂದು ಮತ್ಸ್ಯಪುರಾಣ ಕಟುವಾಗಿಯೇ ಹೇಳುತ್ತದೆ. ಮಹಾಭಾರತದ ವನಪರ್ವದಲ್ಲಿ ಪುಲಸ್ತ್ಯ ಋಷಿ ಹೇಳುವುದು ಬೇರೆ. ಕೈ, ಕಾಲು, ಮನಸ್ಸು ಹತೋಟಿಯಲ್ಲಿದ್ದವರಿಗೆ ತೀರ್ಥದ ಫಲ ದಕ್ಕುತ್ತದೆ ಎಂಬುದು ಅವನ ಮಾತು. ಯಜ್ಞ ಮಾಡಲು ಹಣ ಬೇಕು, ಸಾಮಗ್ರಿ ಬೇಕು, ಜನಬಲ ಬೇಕು. ಅವು ರಾಜರಿಗೆ ಸಾಧ್ಯ, ಬಡವರಿಗಲ್ಲ. ಬಡವರ ಕೈಗೆಟಕುವ, ಯಜ್ಞಕ್ಕಿಂತಲೂ ಮಿಗಿಲಾದ ಸಾಧನವಾಗಿ ತೀರ್ಥಯಾತ್ರೆಯನ್ನು ಅವನು ನಿಲ್ಲಿಸುತ್ತಾನೆ. ಎರಡು ಮಾತುಗಳನ್ನೂ ಎದುರುಬದುರು ಇಟ್ಟು ನೋಡಿದರೆ ಮತ್ಸ್ಯಪುರಾಣದ ಕೋಪದ ಗುರಿ ಸ್ಪಷ್ಟವಾಗುತ್ತದೆ. ಆ ಕೋಪ ಗಾಲಿಯ ಮೇಲಲ್ಲ, ಸಿರಿವಂತಿಕೆಯನ್ನು ದೇವರ ಬಾಗಿಲವರೆಗೂ ಹೊತ್ತುಕೊಂಡು ಹೋಗುವ ಧೋರಣೆಯ ಮೇಲೆ. ಎಲ್ಲರೂ ಸಮವಾಗಿ ನಿಲ್ಲಬೇಕಾದ ದಾರಿಯಲ್ಲಿ ವಾಹನ ಒಬ್ಬನನ್ನು ಎತ್ತರದಲ್ಲಿ ಕೂರಿಸುತ್ತದೆ.

ಬೌದ್ಧ ವಿನಯದಲ್ಲೂ, ಅಂದರೆ ಭಿಕ್ಷುಗಳ ನಿಯಮಾವಳಿಯಲ್ಲೂ, ಇಂಥದೇ ಒಂದು ಪ್ರಸಂಗವಿದೆ. ಮಹಾವಗ್ಗದ ಪ್ರಕಾರ ಷಡ್ವರ್ಗೀಯರೆಂದು ಹೆಸರಾದ ಭಿಕ್ಷುಗಳ ಗುಂಪು ವಾಹನಗಳಲ್ಲಿ ಓಡಾಡಲು ತೊಡಗಿತು. ಭೋಗಿಗಳಂತೆ ತಿರುಗುತ್ತಾರಲ್ಲ ಎಂದು ಜನ ಆಡಿಕೊಂಡರು. ಬುದ್ಧ ಭಿಕ್ಷುಗಳಿಗೆ ವಾಹನವನ್ನು ನಿಷೇಧಿಸಿದ. ಆಮೇಲೆ ಬುದ್ಧನ ದರ್ಶನಕ್ಕೆ ಹೊರಟ ಭಿಕ್ಷುವೊಬ್ಬ ನಡುವೆ ಕಾಯಿಲೆ ಬಿದ್ದು, ನಡೆಯಲಾಗದೆ, ವಾಹನ ಹತ್ತಲೂ ಅಂಜಿ ದಾರಿಯಲ್ಲೇ ಉಳಿದ. ಆಗ ರೋಗಿಗಳಿಗೆ ವಾಹನದ ಅನುಮತಿ ಸಿಕ್ಕಿತು, ಮೇನೆಗೂ ಒಪ್ಪಿಗೆಯಾಯಿತು. ನಿಯಮ ಹುಟ್ಟಿದ್ದು ಭೋಗದ ಕಾರಣಕ್ಕೆ, ಸಡಿಲಿದ್ದು ಕರುಣೆಯ ಕಾರಣಕ್ಕೆ. ದೇಹವನ್ನು ದಂಡಿಸಿದಷ್ಟೂ ಪುಣ್ಯ ಕೂಡುತ್ತದೆ ಎಂಬ ನಂಬಿಕೆಯನ್ನು ಬುದ್ಧ ತನ್ನ ಮೊದಲ ಉಪದೇಶದಲ್ಲೇ ತಳ್ಳಿಹಾಕಿದ್ದ. ಶ್ರೀಲಂಕಾದ ಬೌದ್ಧರು ಅನುಸರಿಸುವ ಥೇರವಾದದಲ್ಲಿ ಕರ್ಮವೆಂದರೆ ಮೂಲತಃ ಚೇತನಾ, ಸಂಕಲ್ಪ. ಹಾಗಿದ್ದರೆ ಯಾವ ವಾಹನದಲ್ಲಿ ಹೋದರೂ ಸಂಕಲ್ಪ ಶುದ್ಧವಾಗಿದ್ದರೆ ಸಾಕು ಎನ್ನಬಹುದು. ಆದರೆ ಶ್ರೀಲಂಕಾದ ದಾರಿಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ, ಸಂಕಲ್ಪ ಕೂಡ ವಾಹನದೊಳಗೆ ರೂಪುಗೊಳ್ಳುತ್ತದೆ ಎಂಬುದು ಕಾಣತೊಡಗುತ್ತದೆ.

ದ್ವೀಪಕ್ಕೆ ಬರುವ ದಾರಿಗಳು ಎರಡೇ, ಆಕಾಶ ಮತ್ತು ಸಮುದ್ರ. ದ್ವೀಪದ ಧಾರ್ಮಿಕ ಚರಿತ್ರೆಯೂ ಈ ಎರಡರಿಂದಲೇ ಶುರುವಾಗುತ್ತದೆ. ದ್ವೀಪದ ಪ್ರಾಚೀನ ಚರಿತ್ರಗ್ರಂಥ ಮಹಾವಂಶದ ಕಥನದಲ್ಲಿ ಬುದ್ಧ ಮೂರು ಸಲ ಆಕಾಶಮಾರ್ಗದಲ್ಲಿ ಬರುತ್ತಾನೆ: ಮೊದಲು ಮಹಿಯಂಗಣಕ್ಕೆ, ಆಮೇಲೆ ನಾಗದೀಪಕ್ಕೆ, ಮೂರನೆಯ ಸಲ ಕೆಲಣಿಯಕ್ಕೆ. ಕೆಲಣಿಯದಿಂದ ಸುಮನಕೂಟಕ್ಕೆ, ಅಂದರೆ ಶ್ರೀಪಾದ ಶಿಖರಕ್ಕೆ, ಹೋಗಿ ಹೆಜ್ಜೆಗುರುತು ಮೂಡಿಸುತ್ತಾನೆ. ಅಶೋಕನ ಮಗ ಮಹಿಂದ ಥೇರ ಮಿಹಿಂತಲೆಗೆ ಬಂದದ್ದೂ ಆಕಾಶದಿಂದಲೇ. ಅವನ ತಂಗಿ ಸಂಘಮಿತ್ತೆ ಮಾತ್ರ ಬೋಧಿವೃಕ್ಷದ ಕೊಂಬೆಯೊಂದಿಗೆ ತಾಮ್ರಲಿಪ್ತಿಯಿಂದ ಹಡಗಿನಲ್ಲಿ ಬಂದು ಜಾಫ್ನಾ ಕರಾವಳಿಯ ಜಂಬುಕೋಲದಲ್ಲಿ ಇಳಿದಳು. ದೇವಾನಂಪಿಯ ತಿಸ್ಸ ರಾಜ ಕುತ್ತಿಗೆಮಟ್ಟದ ನೀರಿಗಿಳಿದು ಆ ಸಸಿಯನ್ನು ಬರಮಾಡಿಕೊಂಡನಂತೆ. ಸಿದ್ಧಿಯುಳ್ಳವರು ಹಾರಿ ಬರಬಹುದು, ಆದರೆ ಒಂದು ಮರವನ್ನು ಜೀವಂತವಾಗಿ ತರಬೇಕಾದರೆ ಹಡಗು ಬೇಕು, ನೀರೆರೆಯುವ ಕೈಗಳು ಬೇಕು, ದಡದಲ್ಲಿ ಕಾದು ನಿಂತವರು ಬೇಕು. ಅನುರಾಧಪುರದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವುದು ಹಾಗೆ ಹಡಗಿನಲ್ಲಿ ಬಂದ ಆ ಮರ.

ಈಗ ಹೆಚ್ಚಿನವರು ಇಳಿಯುವುದು ಕೊಲಂಬೊದ ಉತ್ತರಕ್ಕಿರುವ ಕಟುನಾಯಕ ವಿಮಾನ ನಿಲ್ದಾಣದಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿದೆ. ಒಂದೂವರೆ ಗಂಟೆಯ ಹಾರಾಟ. ದಕ್ಷಿಣದ ಮತ್ತಲದಲ್ಲಿ 2013ರಲ್ಲಿ ಇನ್ನೊಂದು ನಿಲ್ದಾಣ ತೆರೆಯಿತು. ಜಾಫ್ನಾ ಬಳಿಯ ಪಲಾಲಿಯಿಂದ 2019ರಲ್ಲಿ ಚೆನ್ನೈಗೆ ವಿಮಾನಗಳು ಶುರುವಾದವು. ಸಮುದ್ರದ ದಾರಿಯ ಕಥೆ ಮಾತ್ರ ಕಡಿದು ಕಡಿದು ಸಾಗಿದೆ. 1914ರಲ್ಲಿ ಪಂಬನ್ ಸೇತುವೆ ಸಿದ್ಧವಾದ ಮೇಲೆ ರೈಲಿನಲ್ಲಿ ಧನುಷ್ಕೋಡಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರ್‌ಗೆ ದಾಟಿ, ಮತ್ತೆ ರೈಲು ಹತ್ತಿ ಕೊಲಂಬೊ ಸೇರುವ ಬೋಟ್ ಮೇಲ್ ವ್ಯವಸ್ಥೆ ಇತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಿಣದಿಂದ ಕಾಂಕೇಸನ್‌ತುರೈಗೆ ಪ್ರಯಾಣಿಕರ ಹಡಗು ಹೊರಟಿತು. ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಆರಂಭವಾಯಿತು. ಕಾಂಕೇಸನ್‌ತುರೈಯಿಂದ ಸಂಘಮಿತ್ತೆ ಇಳಿದ ಕರಾವಳಿ ದೂರವಿಲ್ಲ.

ದ್ವೀಪದೊಳಗಿನ ವಾಹನಗಳಲ್ಲಿ ರೈಲಿಗೆ ಮೊದಲ ಸ್ಥಾನ. ಕೊಲಂಬೊದಿಂದ ಅಂಬೆಪುಸ್ಸದವರೆಗೆ ಮೊದಲ ರೈಲು 1864ರ ಡಿಸೆಂಬರಿನಲ್ಲಿ ಓಡಿತು. 1867ರಲ್ಲಿ ಹಳಿ ಕ್ಯಾಂಡಿ ಮುಟ್ಟಿತು, 1884ರಲ್ಲಿ ಹ್ಯಾಟನ್, 1885ರಲ್ಲಿ ನಾನು ಓಯ, 1924ರಲ್ಲಿ ಬದುಲ್ಲ. ಈ ಹಳಿಗಳನ್ನು ಹಾಸಿದ್ದು ಯಾತ್ರಿಕರಿಗಾಗಿ ಅಲ್ಲ. ಬೆಟ್ಟದ ಕಾಫಿಯನ್ನು, ಕಾಫಿ ರೋಗಕ್ಕೆ ತುತ್ತಾದ ಮೇಲೆ ಚಹಾವನ್ನು, ಬಂದರಿಗೆ ಇಳಿಸಲು. ಆದರೆ ಹ್ಯಾಟನ್‌ಗೆ ರೈಲು ಬಂದದ್ದೇ ಶ್ರೀಪಾದದ ಯಾತ್ರೆಯ ನಕ್ಷೆ ಬದಲಾಯಿತು. ಅದಕ್ಕೆ ಮುಂಚೆ ರತ್ನಪುರದ ಕಡೆಯಿಂದ ಪಲಾಬದ್ದಲದ ಮೂಲಕ ಕಾಡಿನ ದೀರ್ಘ ಏರುದಾರಿಯೇ ಪ್ರಧಾನವಾಗಿತ್ತು. ಈಗ ಬಹುಪಾಲು ಜನ ಹ್ಯಾಟನ್‌ನಲ್ಲಿ ಇಳಿದು, ಮಸ್ಕೆಲಿಯ ಮೂಲಕ ಬಸ್ಸಿನಲ್ಲಿ ನಲ್ಲತಣ್ಣಿಯಕ್ಕೆ ಹೋಗಿ, ಅಲ್ಲಿಂದ ಹತ್ತುತ್ತಾರೆ. ರತ್ನಪುರದ ದಾರಿಯಲ್ಲಿ ಹತ್ತುವವರು ಈಗಲೂ ಇದ್ದಾರೆ, ಅವರ ಬಗ್ಗೆ ಉಳಿದವರಿಗೆ ಗೌರವವೂ ಇದೆ. ಆದರೂ ಹ್ಯಾಟನ್ ದಾರಿಯವರ ವಂದನೆ ಕಡಿಮೆಯದೆಂದು ಯಾರೂ ಎಣಿಸುವುದಿಲ್ಲ.

ರೈಲು ಸಮಾನತೆಯ ವಾಹನ ಎಂಬ ಮಾತನ್ನು ಪೂರ್ತಿ ಒಪ್ಪುವಂತಿಲ್ಲ, ಏಕೆಂದರೆ ಮೂರು ದರ್ಜೆಗಳಿವೆ. ಆದರೂ ಪೋಯ ದಿನದ, ಅಂದರೆ ಹುಣ್ಣಿಮೆಯ, ಮೂರನೇ ದರ್ಜೆಯ ಡಬ್ಬಿಯಲ್ಲಿ ಬಿಳಿ ಬಟ್ಟೆ ತೊಟ್ಟ ಅಜ್ಜಿಯರು, ಹೂವಿನ ಬುಟ್ಟಿಗಳು, ಶಾಲೆಯ ಮಕ್ಕಳು, ಚಹಾ ತೋಟದ ತಮಿಳು ಕುಟುಂಬಗಳು ಒಟ್ಟಿಗೆ ಇಕ್ಕಟ್ಟಾಗಿ ಕೂರುತ್ತಾರೆ. ಇದೇ ಹಳಿಯ ಕ್ಯಾಂಡಿ–ಎಲ್ಲ ಭಾಗ ಈಗ ವಿದೇಶಿ ಪ್ರವಾಸಿಗಳ ದೊಡ್ಡ ಆಕರ್ಷಣೆ. ಮುಂಗಡ ಸೀಟುಗಳನ್ನು ದಲ್ಲಾಳಿಗಳು ಕೊಂಡಿಟ್ಟು ಹೆಚ್ಚಿನ ಬೆಲೆಗೆ ಮಾರುವುದು ದೊಡ್ಡ ದೂರಾಗಿದೆ; ಬಾಗಿಲಿನಿಂದ ಹೊರಕ್ಕೆ ಜೋತು ಫೋಟೊ ತೆಗೆಸಿಕೊಳ್ಳಲು ಹೋಗಿ ಬಿದ್ದು ಸತ್ತವರೂ ಇದ್ದಾರೆ. ಒಂದೇ ರೈಲಿನಲ್ಲಿ ಒಬ್ಬರಿಗೆ ಪ್ರಯಾಣ ಸಾಧನ, ಇನ್ನೊಬ್ಬರಿಗೆ ಅದೇ ಗುರಿ. ನೋಡುವ ಸಂತೋಷ ಪಾಪವೇನಲ್ಲ. ಆದರೆ ಆ ಸಂತೋಷಕ್ಕಾಗಿ ಊರಿನವರ ಸೀಟು ಅವರ ಕೈಮೀರಿ ಹೋಗುತ್ತದೆಂದರೆ, ಅದು ಪುಲಸ್ತ್ಯನು ಹೇಳಿದ ಕೈಕಾಲುಗಳ ಹತೋಟಿಗೆ ನೇರವಾಗಿ ಸಂಬಂಧಿಸಿದ ವಿಷಯವೇ ಆಗುತ್ತದೆ.

ರೈಲಿನ ನೆನಪಿನಲ್ಲಿ ದುಃಖದ ಪುಟವೂ ಇದೆ. 2004ರ ಡಿಸೆಂಬರ್ 26 ಪೋಯ ದಿನ. ಕ್ರಿಸ್‌ಮಸ್‌ನ ಮರುದಿನವೂ ಹೌದು. ದಕ್ಷಿಣದ ಕರಾವಳಿಯ ರೈಲು ಕಿಕ್ಕಿರಿದಿತ್ತು. ಪೆರಾಲಿಯದಲ್ಲಿ ಸುನಾಮಿ ಅದನ್ನು ಹಳಿಯಿಂದ ಎತ್ತಿ ಎಸೆಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಚೈತ್ಯಗಳ ಯಾತ್ರೆಯಲ್ಲಿ ಪ್ರಸನ್ನ ಮನಸ್ಸಿನಿಂದ ಇರುವಾಗ ಮರಣ ಹೊಂದಿದವರಿಗೆ ಸದ್ಗತಿ ಎಂಬ ಭರವಸೆ ಮಹಾಪರಿನಿಬ್ಬಾಣ ಸುತ್ತದಲ್ಲಿದೆ. ಆ ಭರವಸೆ ಉಳಿದವರಿಗೆ ಸಾಂತ್ವನ ಕೊಡಬಹುದೇ ಹೊರತು, ದುರಂತಕ್ಕೆ ಕಾರಣ ಹೇಳುವುದಿಲ್ಲ. ಹಾಗೆ ಹೇಳಿಸಲು ಹೊರಡುವುದು ಸತ್ತವರಿಗೂ ಧರ್ಮಕ್ಕೂ ಮಾಡುವ ಅನ್ಯಾಯ.

ರೈಲು ಮುಟ್ಟದ ಊರಿಗೆ ಬಸ್ಸಿದೆ. 1958ರ ಜನವರಿ 1ರಂದು ಬಸ್ಸುಗಳನ್ನು ರಾಷ್ಟ್ರೀಕರಿಸಿ ಸಾರಿಗೆ ಮಂಡಳಿ ಸ್ಥಾಪಿಸಲಾಯಿತು. ಈಗ ಸರ್ಕಾರಿ ಕೆಂಪು ಬಸ್ಸುಗಳ ಜೊತೆ ಖಾಸಗಿ ಬಸ್ಸುಗಳೂ ಪೈಪೋಟಿಯಲ್ಲಿ ಓಡುತ್ತವೆ. ದರ ಕಡಿಮೆ, ವೇಗ ಕೆಲವೊಮ್ಮೆ ಭಯ ಹುಟ್ಟಿಸುವಷ್ಟು. ಬಸ್ಸಿನ ಮುಂದಿನ ಸೀಟುಗಳು ಧರ್ಮಗುರುಗಳಿಗೆ ಮೀಸಲು. ಭಿಕ್ಷು ಹತ್ತಿದರೆ ಅಲ್ಲಿ ಕೂತವರು ಎದ್ದು ಜಾಗ ಬಿಡುತ್ತಾರೆ. ಏಳುವವರು ಮುದುಕರಾಗಿ, ಕೂರುವ ಭಿಕ್ಷು ಹುಡುಗನಾಗಿರಬಹುದು. ವಿನಯದ ಮೂಲ ನಿಷೇಧವನ್ನು ಇಟ್ಟುಕೊಂಡು ನೋಡಿದರೆ ಆರೋಗ್ಯವಂತ ಭಿಕ್ಷು ಬಸ್ಸು ಹತ್ತುವುದೇ ಚರ್ಚೆಯ ವಿಷಯ. ಕಾಲಕ್ಕೆ ತಕ್ಕಂತೆ ಸಂಘ ಅದನ್ನು ಒಪ್ಪಿಕೊಂಡಿದೆ, ಜನರೂ ಒಪ್ಪಿಕೊಂಡಿದ್ದಾರೆ. ಆದರೆ ದುಬಾರಿ ಕಾರು ಇಟ್ಟುಕೊಂಡ ಭಿಕ್ಷುಗಳ ಬಗ್ಗೆ ಟೀಕೆ ನಿಂತಿಲ್ಲ. ಇಪ್ಪತ್ತೈದು ಶತಮಾನಗಳ ಹಿಂದೆ ಜನ ಆಡಿಕೊಂಡದ್ದೂ ಇದನ್ನೇ. ಬಸ್ಸಿನ ಭಿಕ್ಷುವನ್ನು ಜನ ಗೌರವದಿಂದ ಕೂರಿಸುತ್ತಾರೆ, ಏಕೆಂದರೆ ಅಲ್ಲಿ ಜಾಗ ಕೊಡುವವರು ಅವರು, ಪಡೆಯುವವನು ಭಿಕ್ಷು. ಸ್ವಂತ ಕಾರಿನಲ್ಲಿ ಕೊಡಲು ಯಾರಿಗೂ ಏನೂ ಉಳಿದಿರುವುದಿಲ್ಲ.

ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವ ಹಳೆಯ ಗಾಲ್ ರಸ್ತೆಯಲ್ಲಿ, ಕಲುತರದ ಸೇತುವೆಯ ಪಕ್ಕ, ಬೋಧಿವೃಕ್ಷವೊಂದಿದೆ. ಬಸ್ಸು, ಲಾರಿ, ಕಾರುಗಳು ಅಲ್ಲಿ ನಿಧಾನಿಸಿ ನಿಲ್ಲುತ್ತವೆ. ಕಂಡಕ್ಟರ್ ಇಲ್ಲವೇ ಕ್ಲೀನರ್ ಇಳಿದು ರಸ್ತೆಬದಿಯ ಹುಂಡಿಗೆ ಕಾಸು ಹಾಕಿ, ಕೈಮುಗಿದು ಓಡಿಬಂದು ಹತ್ತುತ್ತಾನೆ. ಒಳಗೆ ಕೂತವರೂ ಕೂತಲ್ಲೇ ಕೈಮುಗಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಯಾತ್ರಿಕರೇ ಅಲ್ಲ. ಆಫೀಸಿಗೆ, ಸಂತೆಗೆ, ಆಸ್ಪತ್ರೆಗೆ ಹೊರಟವರು. ದಿನದ ಓಡಾಟದೊಳಗೇ ಯಾತ್ರೆಯ ಒಂದು ಗಳಿಗೆ ಹೀಗೆ ಸೇರಿಕೊಂಡಿದೆ. 2011ರಲ್ಲಿ ದೇಶದ ಮೊದಲ ಎಕ್ಸ್‌ಪ್ರೆಸ್‌ವೇ ದಕ್ಷಿಣದ ಕಡೆ ತೆರೆದಾಗ ಗಾಲ್‌ವರೆಗಿನ ಪ್ರಯಾಣದ ಸಮಯ ಅರ್ಧಕ್ಕಿಂತ ಕಡಿಮೆಯಾಯಿತು. ಆ ರಸ್ತೆ ಒಳನಾಡಿನಲ್ಲಿ ಬೇಲಿ ಹಾಕಿಕೊಂಡು ಹೋಗುತ್ತದೆ; ಬೋಧಿವೃಕ್ಷ ಕಾಣುವುದಿಲ್ಲ, ನಿಲ್ಲಲು ಅವಕಾಶವೂ ಇಲ್ಲ. ತುರ್ತಾಗಿ ಆಸ್ಪತ್ರೆಗೆ ಹೋಗುವ ರೋಗಿಗೆ ಅದು ದೊಡ್ಡ ಉಪಕಾರ, ಇದರಲ್ಲಿ ಎರಡು ಮಾತಿಲ್ಲ. ಆದರೆ ದಾರಿ ಬದಲಾದಾಗ ಭಕ್ತಿಯ ಅಭ್ಯಾಸವೊಂದು ಯಾರೂ ನಿರ್ಧರಿಸದೆಯೇ ಕಳಚಿಹೋಗುತ್ತದೆ.

ಭಾರತದಿಂದ ಹೋಗುವವರಲ್ಲಿ ಅನೇಕರು ಆರಿಸುವುದು ಚಾಲಕನ ಸಮೇತದ ವ್ಯಾನು. ಚಿಲಾವ್ ಬಳಿಯ ಮುನ್ನೇಶ್ವರ, ನುವರ ಎಲಿಯ ಹತ್ತಿರದ ಸೀತಾ ಎಲಿಯ ಮುಂತಾದ ಸ್ಥಳಗಳನ್ನು ಜೋಡಿಸಿದ ರಾಮಾಯಣ ಪ್ರವಾಸಗಳನ್ನು ಕರ್ನಾಟಕದ ಪ್ರವಾಸಿ ಏಜೆನ್ಸಿಗಳೂ ನಡೆಸುತ್ತವೆ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗುವುದು ಕಷ್ಟ. ಚಿಕ್ಕ ಅಂತರಗಳಿಗೆ ತ್ರೀ ವೀಲರ್ ಇದೆ. ಮೀಟರ್ ಹಾಕಿ ಓಡಿಸುವವರೂ ಆ್ಯಪ್ ಮೂಲಕ ಬರುವವರೂ ಸಿಗುತ್ತಾರೆ. ಸ್ವತಃ ಓಡಿಸಬೇಕೆನ್ನುವವರು ಅಲ್ಲಿನ ಚಾಲನಾ ಪರವಾನಗಿಯ ಮಾನ್ಯತೆ ಪಡೆಯಬೇಕು. ವಾಹನ ಚಲಿಸುವುದು ಭಾರತದಂತೆಯೇ ರಸ್ತೆಯ ಎಡಕ್ಕೆ. ಖಾಸಗಿ ವಾಹನದ ತೊಡಕು ಸೌಕರ್ಯದಲ್ಲಿಲ್ಲ. ಅದು ಇಡೀ ಪ್ರಯಾಣವನ್ನು ಪ್ರಯಾಣಿಕರ ಇಚ್ಛೆಗೆ ಒಪ್ಪಿಸಿಬಿಡುತ್ತದೆ. ಎಲ್ಲಿ ನಿಲ್ಲಬೇಕು, ಯಾರೊಡನೆ ಮಾತಾಡಬೇಕು, ಯಾವ ತಾಪ ತಾಗಬೇಕು ಎಂಬುದೆಲ್ಲ ಒಳಗೇ ತೀರ್ಮಾನವಾಗುತ್ತದೆ. ಯಾತ್ರೆಗೆ ಹೊರಡುವವರು ಬಿಟ್ಟುಕೊಡಬೇಕೆಂದುಕೊಳ್ಳುವುದು ಇದೇ ಇಚ್ಛೆಯನ್ನು.

ವ್ಯಾನಿನ ಈ ಗೋಡೆಯನ್ನು ದಾಟುವ ಸಂದರ್ಭವೊಂದು ವೈಶಾಖ ಮತ್ತು ಪೋಸೊನ್ ಹುಣ್ಣಿಮೆಗಳಲ್ಲಿ ಬರುತ್ತದೆ. ದ್ವೀಪದುದ್ದಕ್ಕೂ ರಸ್ತೆಬದಿಯಲ್ಲಿ ದನ್ಸಲ್‌ಗಳು, ಅಂದರೆ ದಾನದ ಚಪ್ಪರಗಳು, ಏಳುತ್ತವೆ. ಊರಿನವರು ಹಣ ಕೂಡಿಸಿ ಅನ್ನ, ಕಡಲೆ, ಪಾನಕ, ಐಸ್‌ಕ್ರೀಮು ಹಂಚುತ್ತಾರೆ. ಬಾವುಟ ಬೀಸಿ ವಾಹನಗಳನ್ನು ತಡೆದು, ಇಳಿದು ತಿಂದುಹೋಗಿ ಎಂದು ಬೇಡಿಕೊಳ್ಳುತ್ತಾರೆ. ಬಂದವರು ಯಾವ ಧರ್ಮದವರು, ಯಾವ ದೇಶದವರು, ಯಾವ ವಾಹನದವರು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಪುಣ್ಯದ ಲೆಕ್ಕ ತಲೆಕೆಳಗಾಗುತ್ತದೆ: ಪ್ರಯಾಣಿಕರು ಸ್ವೀಕರಿಸಲು ಒಪ್ಪಿದರೆ ಮಾತ್ರ ಕೊಡುವವರಿಗೆ ದಾನ ಸಾಧ್ಯ. ಕಿಟಕಿ ಏರಿಸಿಕೊಂಡು ಮುಂದೆ ಹೋಗುವ ವಾಹನ ತನ್ನ ಪುಣ್ಯವನ್ನಷ್ಟೇ ಅಲ್ಲ, ಇನ್ನೊಬ್ಬರ ಪುಣ್ಯವನ್ನೂ ತಪ್ಪಿಸುತ್ತದೆ.

ಜಾಫ್ನಾದಾಚೆಯ ನೈನಾತೀವಿನಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಪುಂಗುಡುತೀವು ದಾಟಿ ಕುರಿಕಟ್ಟುವಾನ್ ಕಟ್ಟೆಯವರೆಗೆ ರಸ್ತೆ, ಅಲ್ಲಿಂದ ದೋಣಿ. ದ್ವೀಪದಲ್ಲಿ ಬೌದ್ಧರ ನಾಗದೀಪ ವಿಹಾರವೂ ಹಿಂದೂಗಳ ನಾಗಪೂಷಣಿ ಅಮ್ಮನ್ ದೇಗುಲವೂ ಸ್ವಲ್ಪ ಅಂತರದಲ್ಲಿವೆ. ದಕ್ಷಿಣದಿಂದ ಬಂದ ಸಿಂಹಳ ಯಾತ್ರಿಕರೂ ಉತ್ತರದ ತಮಿಳು ಭಕ್ತರೂ ಅದೇ ದೋಣಿಯ ಹಲಗೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. 2009ರವರೆಗೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಂತರ್ಯುದ್ಧ ಕಂಡ ದೇಶದಲ್ಲಿ ಈ ಇಪ್ಪತ್ತು ನಿಮಿಷಗಳ ಸಹಪ್ರಯಾಣಕ್ಕೆ ತನ್ನದೇ ಬೆಲೆಯಿದೆ. 1990ರಲ್ಲಿ ನಿಂತುಹೋಗಿದ್ದ ಜಾಫ್ನಾ ರೈಲು 2014ರ ಅಕ್ಟೋಬರಿನಲ್ಲಿ ಮತ್ತೆ ಆ ನಗರ ತಲುಪಿದ ಮೇಲೆ ಇಂಥ ಯಾತ್ರೆಗಳು ಸಾಮಾನ್ಯರಿಗೆ ಇನ್ನಷ್ಟು ಸುಲಭವಾದವು.

ಉಳಿದದ್ದು ಕಾಲು. ಜಾಫ್ನಾ ಪರ್ಯಾಯದ್ವೀಪದ ತೊಂಡೈಮಾನಾರು ಸೆಲ್ವ ಸನ್ನಿಧಿ ಮುರುಗನ್ ದೇಗುಲದಿಂದ ಕತರಗಾಮಕ್ಕೆ ಪ್ರತಿವರ್ಷ ಪಾದಯಾತ್ರೆ ಹೊರಡುತ್ತದೆ. ಮುಲ್ಲೈತೀವು, ತ್ರಿಕೋಣಮಲೆ, ಮಟ್ಟಕ್ಕಳಪ್ಪು, ಪೊತ್ತುವಿಲ್ ದಾಟಿ, ಒಕಂದದಿಂದ ಕುಮನ ಮತ್ತು ಯಾಲ ಕಾಡುಗಳನ್ನು ಹಾದು, ಜುಲೈ ಸುಮಾರಿಗೆ ಕತರಗಾಮದ ಎಸಲ ಉತ್ಸವದ ಧ್ವಜಾರೋಹಣದ ಹೊತ್ತಿಗೆ ಸೇರುವ ವಾರಗಟ್ಟಲೆಯ ನಡಿಗೆ ಅದು. ದಾರಿಯ ಊರುಗಳ ದೇಗುಲಗಳು ಊಟ ಹಾಕುತ್ತವೆ, ಮಲಗಲು ಜಗುಲಿ ಕೊಡುತ್ತವೆ. ಯುದ್ಧಕಾಲದಲ್ಲಿ ಕಡಿದುಹೋಗಿದ್ದ ಈ ಸಂಪ್ರದಾಯ ಮತ್ತೆ ಕೂಡಿಕೊಂಡಿದೆ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಉತ್ತರ ಕರ್ನಾಟಕದ ಭಕ್ತರನ್ನು ಬಲ್ಲ ಕನ್ನಡಿಗರಿಗೆ ಈ ನಡಿಗೆಯ ರೀತಿ ಅಪರಿಚಿತವೆನಿಸದು.

ಶ್ರೀಪಾದದಲ್ಲಂತೂ ನಲ್ಲತಣ್ಣಿಯದಿಂದಾಚೆ ಯಾವ ವಾಹನಕ್ಕೂ ದಾರಿಯಿಲ್ಲ. 2,243 ಮೀಟರ್ ಎತ್ತರದ ಆ ಶಿಖರದ ಮೇಲಿನ ಹೆಜ್ಜೆ ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಿಪುರುಷ ಆದಮನದು. ಉಂದುವಪ್ ಹುಣ್ಣಿಮೆಯಿಂದ ವೈಶಾಖದವರೆಗೆ, ಅಂದರೆ ಡಿಸೆಂಬರಿನಿಂದ ಮೇ ತನಕ ಯಾತ್ರೆಯ ಕಾಲ. ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ರಾತ್ರಿ ಹತ್ತಿ ಸೂರ್ಯೋದಯಕ್ಕೆ ಮೇಲಿರುವುದು ವಾಡಿಕೆ. ಗುಂಪಿಗೊಬ್ಬ ಅನುಭವಿ ಮುಖ್ಯಸ್ಥ, ನಡೇ ಗುರಾ, ಇರುತ್ತಾನೆ. ಮೊದಲ ಸಲ ಬಂದವರನ್ನು ಕೋಡುಕಾರರೆಂದು ಗುರುತಿಸಿ ವಿಶೇಷವಾಗಿ ನೋಡಿಕೊಳ್ಳುತ್ತಾರೆ. ಸೀತಗಂಗುಲ ತೊರೆಯಲ್ಲಿ ಮಿಂದು, ಇಂದಿಕಟುಪಾನದಲ್ಲಿ ಸೂಜಿಗೆ ದಾರ ಪೋಣಿಸಿ ಅದನ್ನು ಮೆಟ್ಟಿಲಗುಂಟ ಬಿಚ್ಚುತ್ತ ಏರುತ್ತಾರೆ. ಎಷ್ಟನೆಯ ಸಲ ಬಂದದ್ದೋ ಅಷ್ಟು ಸಲ ಶಿಖರದ ಗಂಟೆ ಬಾರಿಸುತ್ತಾರೆ. ಇಳಿಯುವವರು ಏರುವವರನ್ನು ಕರುಣೆಯ ಹಾರೈಕೆಯಿಂದ ಮಾತಾಡಿಸುತ್ತಾರೆ.

1344ರಲ್ಲಿ ಈ ಶಿಖರವೇರಿದ ಮೊರಾಕ್ಕೊದ ಇಬ್ನ್ ಬತೂತನ ಬರಹದಲ್ಲಿ ವಾಹನದ ಪ್ರಶ್ನೆ ಅಚ್ಚರಿಯಾಗುವಷ್ಟು ನೇರವಾಗಿ ಬರುತ್ತದೆ. ಜಾಫ್ನಾದ ಆರ್ಯಚಕ್ರವರ್ತಿ ಅವನಿಗೆ ಮೇನೆಯನ್ನೂ ಹೊರುವ ಆಳುಗಳನ್ನೂ ಕೊಟ್ಟು, ಜೊತೆಗೆ ಪ್ರತಿವರ್ಷ ಶ್ರೀಪಾದಕ್ಕೆ ಹೋಗುವ ನಾಲ್ವರು ಯೋಗಿಗಳನ್ನೂ ಮೂವರು ಬ್ರಾಹ್ಮಣರನ್ನೂ ಕಳಿಸಿದ. ಬೆಟ್ಟದಲ್ಲಿ ಎರಡು ದಾರಿಗಳಿದ್ದವು ಎನ್ನುತ್ತಾನೆ ಬತೂತ: ಒಂದು ಬಾಬಾ ದಾರಿ, ಇನ್ನೊಂದು ಮಾಮಾ ದಾರಿ, ಅಂದರೆ ಆದಮ ಮತ್ತು ಹವ್ವಾಳ ಹೆಸರಿನವು. ಮಾಮಾ ದಾರಿ ಸುಲಭ. ಇಳಿಯಲು ಎಲ್ಲರೂ ಅದನ್ನೇ ಹಿಡಿಯುತ್ತಿದ್ದರು. ಆದರೆ ಅದರಲ್ಲೇ ಹತ್ತಿದವರನ್ನು ಯಾತ್ರೆ ಮಾಡಿದವರೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕಡಿದಾದ ಬಾಬಾ ದಾರಿಯಲ್ಲಿ ಸರಪಳಿ ಹಿಡಿದು ಏರಬೇಕಿತ್ತು. ಕಷ್ಟವೇ ಪುಣ್ಯದ ಅಳತೆ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಅದೇ ಬೆಟ್ಟದ ಇನ್ನೊಂದು ಚರಿತ್ರೆ ಈ ವಾದವನ್ನು ಅಲುಗಿಸುತ್ತದೆ. 11ನೇ ಶತಮಾನದ ವಿಜಯಬಾಹು ರಾಜ ಶ್ರೀಪಾದದ ಯಾತ್ರಿಕರ ಅನುಕೂಲಕ್ಕೆ ಹಳ್ಳಿಗಳನ್ನು ದತ್ತಿ ಬಿಟ್ಟದ್ದು ಅಂಬಗಮುವ ಶಾಸನದಲ್ಲಿದೆ. 13ನೇ ಶತಮಾನದಲ್ಲಿ ಎರಡನೇ ಪರಾಕ್ರಮಬಾಹುವಿನ ಮಂತ್ರಿ ದೇವಪತಿರಾಜ ಆ ದಾರಿಯಲ್ಲಿ ಸೇತುವೆಗಳನ್ನು ಕಟ್ಟಿಸಿ ರಸ್ತೆ ಸರಿಪಡಿಸಿದ. ಈ ಕೆಲಸಗಳನ್ನು ಚರಿತ್ರಕಾರರು ಮಹಾಪುಣ್ಯವೆಂದೇ ದಾಖಲಿಸಿದ್ದಾರೆ. ಕಷ್ಟ ಹೆಚ್ಚಿದಷ್ಟೂ ಪುಣ್ಯ ಹೆಚ್ಚುವುದಾಗಿದ್ದರೆ ಸೇತುವೆ ಕಟ್ಟಿದವನು ಯಾತ್ರಿಕರ ಪುಣ್ಯ ಕಸಿದವನಾಗಬೇಕಿತ್ತು. ಹಾಗೆ ಯಾವ ಪರಂಪರೆಯೂ ತಿಳಿಯಲಿಲ್ಲ. ತಾನು ಕಷ್ಟಪಡುವುದು ತನ್ನ ಆಯ್ಕೆಗೆ ಬಿಟ್ಟದ್ದು, ಇನ್ನೊಬ್ಬರ ಕಷ್ಟ ಇಳಿಸುವುದು ಎಲ್ಲ ಕಾಲಕ್ಕೂ ಧರ್ಮ ಎಂಬ ತಿಳಿವಳಿಕೆ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿತು. ಹ್ಯಾಟನ್ ರೈಲನ್ನೂ ನಲ್ಲತಣ್ಣಿಯದ ಮೆಟ್ಟಿಲು ದೀಪಗಳನ್ನೂ ಆ ಸೇತುವೆಗಳ ಸಾಲಿಗೇ ಸೇರಿಸಬಹುದು.

ಆಯ್ಕೆಯ ಮಾತು ಬಂದಾಗ ಇನ್ನೊಂದು ನಡಿಗೆಯನ್ನು ಮರೆಯುವಂತಿಲ್ಲ. 19ನೇ ಶತಮಾನದಲ್ಲಿ ಕಾಫಿ ತೋಟಗಳಿಗೆಂದು ತಮಿಳುನಾಡಿನಿಂದ ಬಂದ ಕೂಲಿಗಳು ಮನ್ನಾರ್ ಕಡೆಯ ದಡದಲ್ಲಿಳಿದು, ನೀರಿಲ್ಲದ ಕಾಡುಗಳ ನಡುವೆ ಉತ್ತರದ ರಸ್ತೆಯಲ್ಲಿ ನಡೆದು ಬೆಟ್ಟ ಸೇರಿದರು. ಕಾಲರಾ, ಜ್ವರ, ಹಸಿವಿನಿಂದ ದಾರಿಯಲ್ಲೇ ಸತ್ತವರು ಬಹಳ. ಕತರಗಾಮದ ಪಾದಯಾತ್ರಿಕರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಅವರ ಕಾಲುಗಳೂ ಸವೆದವು. ಅದನ್ನು ಯಾರೂ ಯಾತ್ರೆ ಎನ್ನಲಿಲ್ಲ, ಪುಣ್ಯ ಎನ್ನಲಿಲ್ಲ. ಇಂದಿಗೂ ಶ್ರೀಪಾದದ ಮೆಟ್ಟಿಲುಗಳಲ್ಲಿ ಚಹಾ ಅಂಗಡಿಗಳ ಸಾಮಾನನ್ನು ತಲೆಯ ಮೇಲೆ, ಬೆನ್ನ ಮೇಲೆ ಹೊತ್ತು ಏರುವವರಿದ್ದಾರೆ. ಪಕ್ಕದಲ್ಲೇ ಏರುತ್ತಿರುವ ಭಕ್ತರ ಬೆವರಿಗೆ ಪುಣ್ಯದ ಹೆಸರು, ಇವರ ಬೆವರಿಗೆ ಕೂಲಿಯ ಹೆಸರು. ದೇಹದ ಶ್ರಮ ತಾನಾಗಿಯೇ ಪವಿತ್ರವಾಗುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ಶ್ರಮವನ್ನು ಸ್ವಂತ ಇಚ್ಛೆಯಿಂದ ಆರಿಸಿಕೊಳ್ಳುವ ಬಿಡುವು ಇರುವವರಿಗೆ ಮಾತ್ರ ಅದು ವ್ರತವಾಗುತ್ತದೆ. ಬಿಡುವಿಲ್ಲದವರ ಹೊರೆಗೆ ಒಂದು ಕ್ಷಣ ದಾರಿ ಬಿಟ್ಟು ನಿಲ್ಲುವುದೂ ವ್ರತದ ಭಾಗವಾಗಬೇಕು.

ವಾಹನದ ನೀತಿ ಮನುಷ್ಯರಲ್ಲೇ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಭಿಕ್ಷುಗಳು ಒಂದೆಡೆ ನೆಲೆನಿಲ್ಲಬೇಕೆಂಬ ವರ್ಷಾವಾಸದ ನಿಯಮ ಹುಟ್ಟಿದ್ದು, ಅವರ ನಡಿಗೆಯಿಂದ ಹಸಿರು ಪೈರೂ ಸಣ್ಣ ಜೀವಗಳೂ ತುಳಿತಕ್ಕೆ ಸಿಗುತ್ತವೆಂಬ ದೂರಿನಿಂದ. ಜೈನ ಮುನಿಗಳ ಚಾತುರ್ಮಾಸವನ್ನು ಕಂಡ ಕನ್ನಡ ನಾಡಿಗೆ ಈ ಎಚ್ಚರ ಹೊಸದಲ್ಲ. ಬರಿಗಾಲಿನ ನಡಿಗೆಗೂ ಅಷ್ಟು ಲೆಕ್ಕ ಕೇಳಿದ ಧರ್ಮದ ನಾಡಿನಲ್ಲಿ, 2025ರ ಫೆಬ್ರವರಿಯಲ್ಲಿ ಹಬರಣ ಬಳಿ ಪ್ರಯಾಣಿಕರ ರೈಲೊಂದು ಆನೆಗಳ ಹಿಂಡಿಗೆ ಬಡಿದು ಆರು ಆನೆಗಳು ಸತ್ತವು. ಮಟ್ಟಕ್ಕಳಪ್ಪಿನ ಆ ಹಳಿ ಆನೆಗಳ ಹಾದಿಯನ್ನು ಕತ್ತರಿಸಿಯೇ ಸಾಗುತ್ತದೆ. ರೈಲಿನ ವೇಗ ಇಳಿಸಿದರೆ ಪ್ರಯಾಣಿಕರಿಗೆ ಕೆಲವು ನಿಮಿಷ ತಡ. ಆ ತಡವನ್ನು ಸಂತೋಷದಿಂದ ಸಹಿಸುವುದು ಮೆಟ್ಟಿಲು ಹತ್ತುವುದಕ್ಕಿಂತ ಕಡಿಮೆಯ ವ್ರತವಲ್ಲ. 2022ರ ಆರ್ಥಿಕ ಕುಸಿತದಲ್ಲಿ ಪೆಟ್ರೋಲಿಗಾಗಿ ಜನ ದಿನಗಟ್ಟಲೆ ಸಾಲು ನಿಂತರು. ಕ್ಯೂಆರ್ ಕೋಡ್ ಮೂಲಕ ಪಡಿತರದಂತೆ ಇಂಧನ ಹಂಚಬೇಕಾಯಿತು. ಒಬ್ಬರ ದರ್ಶನಕ್ಕೆ ಸುಡುವ ಇಂಧನ ಇನ್ನೊಬ್ಬರ ಮೀನುದೋಣಿಯದು, ಆಂಬುಲೆನ್ಸಿನದು ಎಂಬುದು ಆ ತಿಂಗಳುಗಳಲ್ಲಿ ಬರಿಗಣ್ಣಿಗೆ ಕಂಡಿತು. ಆ ಬಿಕ್ಕಟ್ಟು ಸಡಿಲಿದೆ, ಸಂಬಂಧ ಸಡಿಲಿಲ್ಲ.

ಹೀಗೆ ನೋಡಿದಾಗ ಫಲವನ್ನು ನಿರ್ಧರಿಸುವುದು ವಾಹನದ ಜಾತಿಯಲ್ಲ. ಅದರೊಳಗೆ ಕೂತವರು ಪಕ್ಕದವರಿಗೆ ಎಷ್ಟು ಹತ್ತಿರವಾದರು, ದಾರಿಯವರಿಂದ ಏನನ್ನು ಪಡೆದರು, ದಾರಿಯ ಜೀವಗಳಿಗೆ ಎಷ್ಟು ಕಡಿಮೆ ಹಾನಿ ಮಾಡಿ ಹೋದರು ಎಂಬುದೇ ಅಳತೆ. ಈ ಅಳತೆಯಲ್ಲಿ ಬಸ್ಸು, ದೋಣಿ ಮತ್ತು ಮೂರನೇ ದರ್ಜೆಯ ರೈಲು ಖಾಸಗಿ ವ್ಯಾನಿಗಿಂತ ಮೇಲೆ ನಿಲ್ಲುತ್ತವೆ. ಆದರೆ ಮಂಡಿನೋವಿನ ತಾಯಿಯನ್ನು ಸೀತಾ ಎಲಿಯಕ್ಕೆ ಕರೆದೊಯ್ಯುವ ವ್ಯಾನು, ಹೆಮ್ಮೆಗಾಗಿ ನಡೆಯುವ ಪಾದಯಾತ್ರೆಗಿಂತ ಮೇಲೆ ನಿಲ್ಲುತ್ತದೆ. ಯಾವ ವಾಹನದಲ್ಲೂ ಹೋಗಲಾರದವರ ಮಾತು ಒಂದು ಉಳಿಯುತ್ತದೆ. ಹಾಸಿಗೆ ಹಿಡಿದವರು, ಹಣವಿಲ್ಲದವರು, ವೀಸಾ ಸಿಗದವರು ಈ ಸಾಲಿನಲ್ಲಿದ್ದಾರೆ. ತಲುಪಲಾಗದ ತೀರ್ಥಗಳಿಗೆ ಮನಸ್ಸಿನಲ್ಲೇ ಹೋಗಬಹುದೆಂದು ವನಪರ್ವ ಅವರಿಗೆ ಅನುಮತಿ ಕೊಟ್ಟಿದೆ. ಸತ್ಯ, ಕ್ಷಮೆ, ಇಂದ್ರಿಯನಿಗ್ರಹಗಳನ್ನೇ ತೀರ್ಥಗಳೆಂದು ಎಣಿಸುವ ಪರಂಪರೆಯೂ ಇದೆ. ಆ ಯಾತ್ರೆಗೂ ಪುಲಸ್ತ್ಯನ ಷರತ್ತು ಬದಲಾಗುವುದಿಲ್ಲ: ಟಿಕೆಟ್ ಬೇಡ, ಕೈಕಾಲು ಮನಸ್ಸುಗಳ ಹತೋಟಿ ಬೇಕು.